ಎರಡು ದೇಶಗಳ ಕಾನೂನು, ಒಂದು ಹೊಲದ ಕರಾರು

ಅಣ್ಣನ ಮಗಳು ಸ್ಕಾಟ್ಲೆಂಡಿನಲ್ಲಿ ಕಾನೂನು ಓದುತ್ತಿದ್ದಾಳೆ ಎಂದು ಹೇಳಿದಾಗಲೆಲ್ಲ ಮಂಡ್ಯದ ನ್ಯಾಯಾಲಯದ ಆವರಣದಲ್ಲಿ ನನಗೆ ಎದುರಾಗುವ ಪ್ರಶ್ನೆಗಳು ಎರಡು. ಸ್ಕಾಟ್ಲೆಂಡಿನದೂ ಇಂಗ್ಲೆಂಡಿನದೂ ಎರಡೂ ಕಾನೂನುಗಳನ್ನು ಒಟ್ಟಿಗೆ ಓದಿ ಈ ಹುಡುಗಿ ಮುಂದೆ ಏನು ಮಾಡುತ್ತಾಳೆ ಎಂಬುದು ಒಂದು. ಅದರಲ್ಲೂ ಇಂಧನ ಕಾನೂನನ್ನೇ ವಿಶೇಷ ವಿಷಯವಾಗಿ ಆರಿಸಿಕೊಂಡದ್ದು ಏಕೆ, ಕರೆಂಟಿನ ಕಾನೂನಿನಲ್ಲಿ ವರ್ಷಗಟ್ಟಲೆ ಓದುವಂಥದ್ದು ಏನಿದೆ ಎಂಬುದು ಇನ್ನೊಂದು. ಇಪ್ಪತ್ತಾರು ವರ್ಷಗಳಿಂದ ವಕೀಲಿ ವೃತ್ತಿಯಲ್ಲಿರುವ ನನಗೂ ಮೊದಲು ಇದೇ ಅನುಮಾನವಿತ್ತು. ಕಳೆದ ವರ್ಷ ನಾಗಮಂಗಲ ತಾಲ್ಲೂಕಿನ ರೈತರೊಬ್ಬರು ನನ್ನ ಕಚೇರಿಗೆ ತಂದ ಒಂದು ಕರಾರುಪತ್ರ ಆ ಅನುಮಾನವನ್ನು ತೊಡೆದುಹಾಕಿತು.

ಅವರು ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಪ್ಲಾಸ್ಟಿಕ್ ಚೀಲದೊಳಗೆ ಪಹಣಿ, ಹಳೆಯ ವಿಭಾಗಪತ್ರದ ಜೆರಾಕ್ಸ್, ಅವುಗಳ ಜೊತೆಗೆ ಹದಿನೆಂಟು ಪುಟಗಳ ಇಂಗ್ಲಿಷ್ ಕರಾರು ಇದ್ದವು. ಮೂರು ಎಕರೆ ಹನ್ನೆರಡು ಗುಂಟೆ ಖುಷ್ಕಿ ಜಮೀನನ್ನು ಸೌರ ವಿದ್ಯುತ್ ಕಂಪನಿಯೊಂದಕ್ಕೆ ಇಪ್ಪತ್ತೆಂಟು ವರ್ಷಗಳ ಅವಧಿಗೆ ಗುತ್ತಿಗೆ ಕೊಡುವ ಪತ್ರವದು. "ಲಾಯರಮ್ಮ, ರಾಗಿ, ಹುರುಳಿ ಬೆಳ್ದು ಏನೂ ಕೈಗತ್ತಾಕಿಲ್ಲ. ಇವ್ರು ವರ್ಷ ವರ್ಷ ದುಡ್ಡು ಕೊಡ್ತೀವಿ ಅಂತಾವ್ರೆ. ಸೈನು ಹಾಕ್ಬೋದಾ ಒಸಿ ನೋಡಿ" ಎಂದರು. ನಾನು ಅಭ್ಯಾಸದಂತೆ ನೋಡಬೇಕಾದದ್ದನ್ನು ನೋಡಿದೆ. ಗುತ್ತಿಗೆ ಹಣ ಎಷ್ಟು, ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಪತ್ರ ನೋಂದಣಿಯಾಗುತ್ತದೆಯೇ, ಹೆಣ್ಣುಮಕ್ಕಳ ಸಹಿ ಇದೆಯೇ ಎಂಬುದನ್ನೆಲ್ಲ ಪರಿಶೀಲಿಸಿ, ದೊಡ್ಡ ತೊಂದರೆಯೇನೂ ಕಾಣುತ್ತಿಲ್ಲ, ಸೋಮವಾರ ಬನ್ನಿ ಎಂದು ಕಳುಹಿಸಿದೆ.

ಅವರ ಅನುಮತಿ ಪಡೆದು, ಹೆಸರು ಮತ್ತು ಸರ್ವೆ ನಂಬರುಗಳನ್ನು ಮರೆಮಾಡಿ, ಆ ಪತ್ರವನ್ನು ಅಣ್ಣನ ಮಗಳಿಗೆ ಕಳುಹಿಸಿದ್ದೆ. ಅವಳ ವ್ಯಾಸಂಗಕ್ಕೆ ಉಪಯೋಗವಾಗಲಿ ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು. ಭಾನುವಾರ ರಾತ್ರಿ ವೀಡಿಯೊ ಕರೆಯಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಹೀಗಿತ್ತು: "ಅತ್ತೆ, ಇಪ್ಪತ್ತೆಂಟು ವರ್ಷ ಮುಗಿದ ಮೇಲೆ ಆ ಕಂಬ, ಕಾಂಕ್ರೀಟು, ಹೂತಿರೋ ಕೇಬಲ್ಲು ಇದನ್ನೆಲ್ಲ ತೆಗೆಯೋದು ಯಾರು? ಅಷ್ಟೊತ್ತಿಗೆ ಕಂಪನಿನೇ ಇಲ್ಲದೆ ಹೋದ್ರೆ?" ನಾನು ಹದಿನೆಂಟು ಪುಟಗಳನ್ನೂ ಮತ್ತೆ ತಿರುವಿ ಹಾಕಿದೆ. ಕಂಪನಿಯು ತೊಂಬತ್ತು ದಿನಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಟ್ಟುಹೋಗಬಹುದು ಎಂಬ ಷರತ್ತು ಇತ್ತು, ಗುತ್ತಿಗೆಯ ಹಕ್ಕನ್ನು ಬ್ಯಾಂಕಿಗೆ ಅಡವಿಡಬಹುದು ಎಂಬ ಷರತ್ತೂ ಇತ್ತು. ಜಮೀನನ್ನು ಮೊದಲಿದ್ದಂತೆ ಮಾಡಿಕೊಡುವ ಬಗ್ಗೆ ಒಂದೇ ಒಂದು ಸಾಲು ಇರಲಿಲ್ಲ.

ಆ ಪ್ರಶ್ನೆ ಅವಳಿಗೆ ಹೊಳೆದದ್ದು ಉತ್ತರ ಸಮುದ್ರದ ತೈಲದ ಕಾನೂನಿನಿಂದ. ಅಲ್ಲಿ ಸಮುದ್ರದ ನಡುವೆ ನಿಂತಿರುವ ಉಕ್ಕಿನ ಕಟ್ಟೆಗಳನ್ನು ಕೆಲಸ ಮುಗಿದ ಮೇಲೆ ಯಾರು, ಯಾರ ಖರ್ಚಿನಲ್ಲಿ ಕಳಚಬೇಕು ಎಂಬುದು ದೊಡ್ಡ ಅಧ್ಯಾಯವೇ ಆಗಿದೆ. 1995ರಲ್ಲಿ ಶೆಲ್ ಕಂಪನಿ ಬ್ರೆಂಟ್ ಸ್ಪಾರ್ ಎಂಬ ತೈಲ ಸಂಗ್ರಹದ ತೇಲುಗೋಪುರವನ್ನು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಲು ಹೊರಟಾಗ ಯುರೋಪಿನಾದ್ಯಂತ ಪ್ರತಿಭಟನೆ ನಡೆದು, 1998ರಲ್ಲಿ ಆ ಭಾಗದ ದೇಶಗಳು ಸೇರಿ ಇಂಥ ರಚನೆಗಳನ್ನು ಸಮುದ್ರದಲ್ಲಿ ಬಿಟ್ಟುಹೋಗುವಂತಿಲ್ಲ ಎಂಬುದನ್ನೇ ಸಾಮಾನ್ಯ ನಿಯಮವನ್ನಾಗಿ ಮಾಡಿದವು. ಅದೇ ವರ್ಷದ ಬ್ರಿಟನ್ನಿನ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಈಗಿನ ಮಾಲೀಕರ ಕೈಲಾಗದಿದ್ದರೆ ಹಿಂದೆ ಪಾಲು ಮಾರಿಹೋದವರನ್ನೂ ಮರಳಿ ಕರೆದು ಹೊಣೆ ಹೊರಿಸಲು ಅವಕಾಶವಿದೆ. ನಮ್ಮ ರೈತನ ಮೂರು ಎಕರೆಗೆ ಇಲ್ಲದ ರಕ್ಷಣೆ ಆ ಸಮುದ್ರತಳಕ್ಕೆ ಇದೆ.

ಎರಡು ಕಾನೂನುಗಳನ್ನು ಒಟ್ಟಿಗೆ ಓದುವುದರ ಬೆಲೆ ನನಗೆ ಮನದಟ್ಟಾದದ್ದು ಅವಳು ಆಮೇಲೆ ವಿವರಿಸಿದ ಇನ್ನೊಂದು ಪ್ರಕರಣದಿಂದ. 2013ರಲ್ಲಿ ಸ್ಕಾಟಿಷ್ ಕೋಲ್ ಎಂಬ ಕಂಪನಿ ದಿವಾಳಿಯಾಯಿತು. ಅದು ಅಗೆದುಬಿಟ್ಟ ತೆರೆದ ಕಲ್ಲಿದ್ದಲು ಗಣಿಗಳನ್ನು ಸರಿಪಡಿಸುವ ವೆಚ್ಚ ಭಾರೀ ಮೊತ್ತದ್ದಾಗಿತ್ತು. ದಿವಾಳಿ ಪ್ರಕ್ರಿಯೆ ನಡೆಸುತ್ತಿದ್ದ ಸಮಾಪಕರು ಆ ಜಮೀನನ್ನೂ ಅದಕ್ಕೆ ಅಂಟಿಕೊಂಡ ಪರಿಸರ ಪರವಾನಗಿಗಳನ್ನೂ ತ್ಯಜಿಸಿ ಕೈತೊಳೆದುಕೊಳ್ಳಲು ಅನುಮತಿ ಕೇಳಿದರು. ಮೊದಲು ಏಕಸದಸ್ಯ ನ್ಯಾಯಾಧೀಶರು ಅದಕ್ಕೆ ಒಪ್ಪಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎಡಿನ್‌ಬರೋದ ಕೋರ್ಟ್ ಆಫ್ ಸೆಷನ್ನಿನ ಮೇಲ್ಮನವಿ ಪೀಠ ಆ ತೀರ್ಪನ್ನು ರದ್ದುಪಡಿಸಿ, ಸ್ಕಾಟ್ಲೆಂಡಿನ ಕಾನೂನಿನಲ್ಲಿ ಸಮಾಪಕರಿಗೆ ಅಂಥ ಅಧಿಕಾರವಿಲ್ಲ ಎಂದಿತು. ಹೊರೆಯಾಗಿರುವ ಆಸ್ತಿಯನ್ನು ತ್ಯಜಿಸಲು ಅವಕಾಶ ಕೊಡುವ 1986ರ ದಿವಾಳಿ ಕಾಯ್ದೆಯ 178ನೇ ಕಲಂ ಇಂಗ್ಲೆಂಡಿಗೆ ಅನ್ವಯಿಸುತ್ತದೆ, ಸ್ಕಾಟ್ಲೆಂಡಿಗೆ ಅನ್ವಯಿಸುವುದಿಲ್ಲ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವಂತೂ ತ್ಯಾಜ್ಯ ನಿರ್ವಹಣೆಯ ಪರವಾನಗಿಯನ್ನು ಹಾಗೆ ಬಿಟ್ಟುಕೊಡಬಹುದೆಂದು 1999ರಲ್ಲೇ ಹೇಳಿತ್ತು. ರಾಜ ಒಬ್ಬನೇ, ಆ ಕಾಯ್ದೆ ಮಾಡಿದ ಸಂಸತ್ತೂ ಒಂದೇ. ಆದರೂ ಗಡಿಯ ಈಚೆ ಅಗೆದ ಗುಂಡಿಗೆ ಒಂದು ಉತ್ತರ, ಆಚೆ ಅಗೆದ ಗುಂಡಿಗೆ ಇನ್ನೊಂದು.

ಒಂದೇ ಕಾನೂನನ್ನು ಓದಿದವರಿಗೆ ಅದು ಹಾಗಿರುವುದೇ ಸಹಜ ಎಂದು ತೋರುತ್ತದೆ. ಎರಡನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಪ್ರತಿಯೊಂದು ನಿಯಮದ ಹಿಂದೆಯೂ ಯಾರೋ ಮಾಡಿದ ಒಂದು ಆಯ್ಕೆ ಇದೆ ಎಂಬುದು ಕಾಣುತ್ತದೆ. ಪ್ರತಿಫಲವಿಲ್ಲದ ಒಪ್ಪಂದ ಸಾಮಾನ್ಯವಾಗಿ ಶೂನ್ಯ ಎಂದು ನಮ್ಮ 1872ರ ಕರಾರು ಕಾಯ್ದೆಯ 25ನೇ ಕಲಂ ಹೇಳುತ್ತದೆ. ಇಂಗ್ಲೆಂಡಿನಿಂದ ಬಂದ ಈ ನಿಯಮವನ್ನು ನಾವು ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ. ರೋಮನ್ ಕಾನೂನಿನ ಬೇರುಗಳಿರುವ ಸ್ಕಾಟ್ಲೆಂಡಿನಲ್ಲಿ ಕರಾರಿಗೆ ಪ್ರತಿಫಲ ಬೇಕಾಗಿಯೇ ಇಲ್ಲ, ಕೊಟ್ಟ ಮಾತು ತಾನಾಗಿಯೇ ಕಟ್ಟುಪಾಡಾಗಬಲ್ಲದು. ಭಾರತದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಡೊನಹ್ಯೂ ಮತ್ತು ಸ್ಟೀವನ್‌ಸನ್ ನಡುವಿನ 1932ರ ಪ್ರಕರಣ, ಅಂದರೆ ಪೇಸ್ಲಿ ಪಟ್ಟಣದಲ್ಲಿ ಶುಂಠಿ ಪಾನೀಯದ ಬಾಟಲಿಯೊಳಗೆ ಬಸವನಹುಳು ಇತ್ತೆನ್ನಲಾದ ಪ್ರಕರಣ, ಸ್ಕಾಟ್ಲೆಂಡಿನದು. ಅದನ್ನು ಇಂಗ್ಲೆಂಡಿನ ಕಾನೂನು ಎಂದೇ ನಮ್ಮ ತಲೆಮಾರಿಗೆ ತರಗತಿಯಲ್ಲಿ ಹೇಳಿಕೊಟ್ಟರು.

ಪೋಷಕರು ಕೇಳುವ ವಿವರಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ಎಲ್‌ಎಲ್‌ಬಿ ಆನರ್ಸ್ ಪದವಿ ನಾಲ್ಕು ವರ್ಷದ್ದು. ಮೊದಲ ವರ್ಷಗಳಲ್ಲಿ ಕಡ್ಡಾಯ ವಿಷಯಗಳನ್ನು ಮುಗಿಸಿ, ಕೊನೆಯ ಎರಡು ವರ್ಷಗಳಲ್ಲಿ ಇಂಧನದಂಥ ವಿಶೇಷ ವಿಷಯಕ್ಕೆ ಹೆಚ್ಚು ಗಮನ ಕೊಡುತ್ತಾರೆ. ಡಂಡಿ ವಿಶ್ವವಿದ್ಯಾಲಯದಲ್ಲಿ ಪೆಟ್ರೋಲಿಯಂ ಮತ್ತು ಖನಿಜ ಕಾನೂನಿನ ಕೇಂದ್ರ 1977ರಲ್ಲೇ ಆರಂಭವಾಗಿತ್ತು. ಪದವಿ ಮುಗಿದ ಮೇಲೆ ಅಲ್ಲಿ ಸಾಲಿಸಿಟರ್, ಅಂದರೆ ಕಕ್ಷಿದಾರರಿಗೆ ಸಲಹೆ ಕೊಟ್ಟು ಕಾಗದಪತ್ರ ನೋಡಿಕೊಳ್ಳುವ ವಕೀಲ, ಆಗಲು ಒಂದು ವರ್ಷದ ಡಿಪ್ಲೊಮಾ, ಎರಡು ವರ್ಷಗಳ ತರಬೇತಿ ಬೇಕು. ಇಂಗ್ಲೆಂಡಿನಲ್ಲಿ 2021ರಿಂದ ಸಾಲಿಸಿಟರುಗಳಿಗೆ ಎಸ್‌ಕ್ಯುಇ ಎಂಬ ಪರೀಕ್ಷೆ ಬಂದಿರುವುದರಿಂದ ಎರಡೂ ಕಾನೂನುಗಳನ್ನು ಕಲಿಸುವ ಉಭಯ ಅರ್ಹತೆಯ ಪದವಿಯಿಂದಲೇ ಅಲ್ಲಿನ ಬಾಗಿಲು ತೆರೆಯುತ್ತದೆ ಎಂದು ಯಾರೂ ಭಾವಿಸಬಾರದು. ಭಾರತಕ್ಕೆ ಮರಳಿ ವಕೀಲಿ ಮಾಡುವುದಾದರೆ ಭಾರತೀಯ ವಕೀಲರ ಪರಿಷತ್ತು ಆ ಪದವಿಯನ್ನು ಮಾನ್ಯ ಮಾಡಿರಬೇಕು, ಅದರ ಅರ್ಹತಾ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ಈ ವಿಷಯವನ್ನು ಶುಲ್ಕ ಕಟ್ಟುವ ಮೊದಲೇ ಪರಿಷತ್ತಿನಿಂದ ಲಿಖಿತವಾಗಿ ತಿಳಿದುಕೊಳ್ಳಬೇಕು. ನಮ್ಮ ಅಣ್ಣ ಜಮೀನಿನ ಮೇಲೆ ಸಾಲ ತೆಗೆದಿದ್ದಾನೆ. ಎಲ್ಲರೂ ಹಾಗೆ ಮಾಡಲಿ ಎಂದು ನಾನು ಹೇಳಲಾರೆ.

ನಾನು ಹೇಳಬೇಕೆಂದಿರುವುದು ಈ ವಿಷಯವನ್ನು ಮೈಸೂರು, ಮಂಡ್ಯದ ಕಾನೂನು ಕಾಲೇಜುಗಳಲ್ಲಿಯೇ ಗಂಭೀರವಾಗಿ, ಪೂರ್ಣ ಪತ್ರಿಕೆಯಾಗಿ ಕಲಿಸಬೇಕು ಎಂಬುದನ್ನು. ಈ ನೆಲಕ್ಕೆ ಇಂಧನದ ಕಾನೂನು ಹೊರಗಿನದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದನ್ನು ನಾವು ಎಂಜಿನಿಯರಿಂಗ್ ಸಾಹಸವೆಂದು ಮಾತ್ರ ನೆನೆಯುತ್ತೇವೆ. ಅದು ಮೈಸೂರು ಸರ್ಕಾರ ಗಣಿ ಕಂಪನಿಗಳಿಗೆ ವಿದ್ಯುತ್ ಪೂರೈಸಲು ಮಾಡಿಕೊಂಡ ಕರಾರು ಕೂಡ ಆಗಿತ್ತು. ಆ ಕರಾರಿನಂತೆ ವರ್ಷವಿಡೀ ವಿದ್ಯುತ್ ಕೊಡಲು ಬೇಸಿಗೆಯಲ್ಲೂ ನದಿಯಲ್ಲಿ ನೀರಿರಬೇಕಿತ್ತು. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಶುರುವಾಗಲು ಅದೂ ಒಂದು ಕಾರಣ. ಆ ಕಟ್ಟೆಯಿಂದ ಮದರಾಸಿನೊಡನೆ ವಿವಾದ, ವಿವಾದದಿಂದ 1924ರ ಒಪ್ಪಂದ. ಮಂಡ್ಯದ ಗದ್ದೆಗಳಿಗೆ ನಾಲೆಯ ನೀರು ಬಂದ ಕಥೆಯಲ್ಲಿ ವಿದ್ಯುತ್ ಮಾರಾಟದ ಕರಾರೂ ಒಂದು ಪಾತ್ರ. ಇದನ್ನು ನಮ್ಮ ಜಿಲ್ಲೆಯ ಕಾನೂನು ವಿದ್ಯಾರ್ಥಿಗೆ ಹೇಳಿಕೊಡದೆ ಇನ್ನು ಯಾರಿಗೆ ಹೇಳಿಕೊಡುವುದು?

ಇಂದಿನ ವ್ಯಾಜ್ಯಗಳೂ ಕಣ್ಣೆದುರೇ ಇವೆ. ಹೈಟೆನ್ಷನ್ ಲೈನಿನ ಗೋಪುರ ತೆಂಗಿನ ತೋಟದ ನಡುವೆ ಬಂದು ನಿಂತಾಗ ಪರಿಹಾರ ಎಷ್ಟು ಎಂಬುದನ್ನು ನಾವು ದಶಕಗಳ ಕಾಲ 1885ರ ಟೆಲಿಗ್ರಾಫ್ ಕಾಯ್ದೆಯ ಅಡಿಯಲ್ಲಿ ವಾದಿಸಿದ್ದೇವೆ. 2024ರ ಜೂನ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಹೊಸ ಮಾರ್ಗಸೂಚಿ ಹೊರಡಿಸಿ, ಗೋಪುರದ ಅಡಿಯ ಜಾಗಕ್ಕೆ ಭೂಮೌಲ್ಯದ ಶೇ. 200ರಷ್ಟನ್ನೂ ತಂತಿ ಹಾಯುವ ಪಟ್ಟಿಗೆ ಶೇ. 30ರಷ್ಟನ್ನೂ ಸೂಚಿಸಿದೆ. ಈ ಮಾರ್ಗಸೂಚಿಯನ್ನು ಓದಿರುವ ವಕೀಲರು ತಾಲ್ಲೂಕು ಕೇಂದ್ರಗಳಲ್ಲಿ ನನಗೆ ಸಿಕ್ಕಿರುವುದು ಬೆರಳೆಣಿಕೆಯಷ್ಟು. ರಾಜ್ಯ ಸರ್ಕಾರ 2014ರಲ್ಲಿ ಜಮೀನಿರುವ ರೈತರಿಗೆ 1ರಿಂದ 3 ಮೆಗಾವ್ಯಾಟ್‌ನ ಸೌರ ಘಟಕಗಳಿಗೆ ಅವಕಾಶ ಕೊಟ್ಟಿತು. ಆಗಿನ ದರ ಯೂನಿಟ್‌ಗೆ 8.40 ರೂಪಾಯಿ. ಭೂಪರಿವರ್ತನೆಯ ಅನುಮತಿ, ಲೈನ್ ಸಂಪರ್ಕದ ಅನುಮತಿ ತಡವಾಗಿ ಗಡುವು ಮೀರಿತೆಂದು ಹಿರೇಹಳ್ಳಿ ಎಂಬ ಅಂಥ ಒಂದು ಯೋಜನೆಯ ದರವನ್ನು 4.36ಕ್ಕೆ ಇಳಿಸಲಾಯಿತು. ಸರ್ಕಾರಿ ಅನುಮತಿಯ ವಿಳಂಬವು ಕರಾರಿನ ಫೋರ್ಸ್ ಮೆಜೂರ್ (ಕೈಮೀರಿದ ಅಡ್ಡಿಗೆ ವಿನಾಯಿತಿ ಕೊಡುವ) ಷರತ್ತಿನೊಳಗೆ ಬರುತ್ತದೆಯೇ ಎಂಬ ಆ ಪ್ರಕರಣ 2024ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಘಟಕದವರ ಪರವಾಗಿ ತೀರ್ಮಾನವಾಯಿತು. ಒಂದು ಷರತ್ತನ್ನು ಸರಿಯಾಗಿ ಓದುವುದರ ಮೇಲೆ ದರ ಅರ್ಧಕ್ಕರ್ಧ ನಿಂತಿತ್ತು.

ಕಲಿಸುವುದು ಕಷ್ಟವೇನಲ್ಲ. ಐದು ಜಿಲ್ಲೆಗಳಿಗೆ ವಿದ್ಯುತ್ ಹಂಚುವ ಚೆಸ್ಕಾಂನ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ದರ ನಿಗದಿಗೆ ಮುನ್ನ ಸಾರ್ವಜನಿಕರ ಆಕ್ಷೇಪಣೆಗಳನ್ನು ವಿದ್ಯುತ್ ನಿಯಂತ್ರಣ ಆಯೋಗ ಪರಿಗಣಿಸಬೇಕೆಂದು 2003ರ ವಿದ್ಯುತ್ ಕಾಯ್ದೆಯ 64ನೇ ಕಲಂ ಹೇಳುತ್ತದೆ. ಅಂತಿಮ ವರ್ಷದ ವಿದ್ಯಾರ್ಥಿಗಳು ಒಂದು ದರ ಅರ್ಜಿಯನ್ನು ಪೂರ್ತಿ ಓದಿ, ಕನ್ನಡದಲ್ಲಿ ಆಕ್ಷೇಪಣೆ ಬರೆದು, ವಿಚಾರಣೆಯಲ್ಲಿ ಎದ್ದು ನಿಂತು ಮಾತನಾಡಿದರೆ, ಅಣಕು ನ್ಯಾಯಾಲಯದಲ್ಲಿ ಮೂರು ವರ್ಷ ಕಲಿಯುವುದಕ್ಕಿಂತ ಹೆಚ್ಚು ಕಲಿಯುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾಗಮಂಗಲದ ಆ ಕರಾರಿಗೆ ಮರಳುತ್ತೇನೆ. ಕಂಪನಿ ದಿವಾಳಿಯಾದರೆ ಏನಾಗುತ್ತದೆ ಎಂದು ನಾನೂ ಅಣ್ಣನ ಮಗಳೂ ಸೇರಿ ಹುಡುಕಿದೆವು. 2016ರ ನಮ್ಮ ದಿವಾಳಿ ಸಂಹಿತೆಯ 14ನೇ ಕಲಮಿನ ಪ್ರಕಾರ, ಕಂಪನಿಯ ಮೇಲಿನ ವಸೂಲಿ, ದಾವೆಗಳಿಗೆ ತಡೆ ಇರುವ ಅವಧಿಯಲ್ಲಿ ಅದರ ಸ್ವಾಧೀನದಲ್ಲಿರುವ ಆಸ್ತಿಯನ್ನು ಆಸ್ತಿಯ ಮಾಲೀಕ ವಾಪಸು ಪಡೆಯುವಂತಿಲ್ಲ. ಅಂದರೆ ಗುತ್ತಿಗೆ ಹಣ ನಿಂತುಹೋಗಿದ್ದರೂ ರೈತ ತನ್ನದೇ ಹೊಲಕ್ಕೆ ನೇಗಿಲು ಇಳಿಸಲಾರ. ಇದನ್ನು ಸೋಮವಾರ ಅವರಿಗೆ ಬಿಡಿಸಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಪಹಣಿಯನ್ನೇ ನೋಡುತ್ತ ಕುಳಿತು, "ಹಂಗಾರೆ ಮೊಮ್ಮಕ್ಕಳ ಕಾಲಕ್ಕೆ ಕಲ್ಲುಗುಂಡಿ ಬಿಟ್ಟೋದಂಗಾಯ್ತದೆ" ಎಂದರು.

ನಾವು ಎರಡು ಷರತ್ತುಗಳನ್ನು ಬರೆದು ಕಳುಹಿಸಿದೆವು. ಗುತ್ತಿಗೆ ಮುಗಿದ ಅಥವಾ ಬಿಟ್ಟುಹೋದ ಆರು ತಿಂಗಳೊಳಗೆ ಕಂಬ, ಕಾಂಕ್ರೀಟ್, ಕೇಬಲ್ ಎಲ್ಲವನ್ನೂ ತೆಗೆದು ಜಮೀನನ್ನು ಸಾಗುವಳಿಗೆ ತಕ್ಕಂತೆ ಮಾಡಿಕೊಡಬೇಕು ಎಂಬುದು ಮೊದಲನೆಯದು. ಆ ಖರ್ಚಿಗಾಗಿ ಹತ್ತನೆಯ ವರ್ಷದಿಂದ ರೈತನ ಹೆಸರಿನಲ್ಲಿ ಬ್ಯಾಂಕ್ ಖಾತರಿ ಇಡಬೇಕು ಎಂಬುದು ಎರಡನೆಯದು. ಮೊದಲನೆಯದಕ್ಕೆ ಕಂಪನಿ ಒಪ್ಪಿದೆ. ಎರಡನೆಯದರ ಬಗ್ಗೆ ಮಾತುಕತೆ ಇನ್ನೂ ನಡೆಯುತ್ತಿದೆ, ರೈತರು ಸಹಿ ಹಾಕಿಲ್ಲ.

ಅಣ್ಣನ ಮಗಳು ಡಿಸೆಂಬರ್ ರಜೆಗೆ ಊರಿಗೆ ಬರುತ್ತಾಳೆ. ಸೌರ ಘಟಕಕ್ಕೆ ಜಮೀನು ಕೊಟ್ಟಿರುವವರು, ಕೊಡಲು ಹೊರಟಿರುವವರು ಈ ಬರಹ ಓದುತ್ತಿದ್ದರೆ, ತಮ್ಮ ಕರಾರುಪತ್ರದ ಒಂದು ಪ್ರತಿಯನ್ನು ನನ್ನ ಕಚೇರಿಗೆ ತಂದುಕೊಡಿ. ನಾವಿಬ್ಬರೂ ಕುಳಿತು ಓದಿ, ಅದರಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಎಂಬುದನ್ನು ಕನ್ನಡದಲ್ಲಿ ಬರೆದುಕೊಡುತ್ತೇವೆ. ಇದಕ್ಕೆ ಶುಲ್ಕವಿಲ್ಲ. ಸಹಿ ಹಾಕುವ ಮೊದಲೇ ತಂದರೆ ಒಳ್ಳೆಯದು.