ನಡುವೆ ಸರಕು, ಮೂಲೆಯಲ್ಲಿ ಗೊರಬಲು

ದೊಡ್ಡಪ್ಪ ಲೆನ್ಸನ್ನು ಅಂಗೈ ಮೇಲಿಟ್ಟುಕೊಂಡು ಎರಡು ಸಲ ತೂಗಿದರು. ಶಿವಮೊಗ್ಗದ ಮಂಡಿಗೆ ನಲವತ್ತು ವರ್ಷ ಅಡಿಕೆ ಕೊಂಡೊಯ್ದು, ದರಕ್ಕೆ ಜಗಳವಾಡಿ ಬಂದ ಕೈ ಅದು. ಏನು ಕೊಟ್ಟರೂ ಮೊದಲು ತೂಗುತ್ತದೆ, ನೋಡುವುದು ಆಮೇಲೆ.

"ಕಾಲು ಕೇಜಿನೂ ಇಲ್ವಲ್ಲೋ ಇದು."

"ಇನ್ನೂರು ಗ್ರಾಂ ಇರಬಹುದು ದೊಡ್ಡಪ್ಪ."

"ಒಡೆದು ನೋಡಿ ತಗೊಂಡ್ಯಾ?"

ತಮಾಷೆಗೆ ಕೇಳಿದ್ದಲ್ಲ. ಚೀಲದಿಂದ ನಾಲ್ಕು ಅಡಿಕೆ ಹೆಕ್ಕಿ, ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಣ್ಣ ನೋಡದೆ ಅವರ ಲೋಕದಲ್ಲಿ ಯಾರೂ ದರ ಹೇಳುವುದಿಲ್ಲ. ಮೇಲ್ದರ್ಜೆಯ ಅಡಿಕೆ ಸರಕು, ಕೆಳದರ್ಜೆಯದು ಗೊರಬಲು. ಲೆನ್ಸು ಕೊಳ್ಳುವವನಿಗೆ ಆ ಭಾಗ್ಯ ಇಲ್ಲ. ಹೊರಗಿನ ಲೋಹ ಮುಟ್ಟಿ, ಉಂಗುರ ತಿರುಗಿಸಿ, ಗಾಜಿಗೆ ಬೆಳಕು ಹಿಡಿದು, ದೇವರ ಮೇಲೆ ಭಾರ ಹಾಕಿ ತರಬೇಕು. ಒಡೆದು ನೋಡುವುದೇನಿದ್ದರೂ ಮನೆಗೆ ಬಂದ ಮೇಲೆ, ಒಂದೊಂದೇ ಫಿಲಂ ಕಳೆಯುತ್ತಾ.

ನಾನು ತಂದದ್ದು 35 ಎಂಎಂ ನಾಭಿದೂರದ್ದು, ಎಫ್/1.4. ಈ ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ನುಗ್ಗುವ ಕಂಡಿ ದೊಡ್ಡದು. ಹೊಸದಲ್ಲ, ಒಂದು ಕೈ ಬಳಸಿದ್ದು. ಕಂಪನಿಯ ಹೆಸರು ಬೇಡ. ಮುಂದೆ ಅದರ ದೋಷಗಳನ್ನು ಹೇಳುವವನಿದ್ದೇನೆ, ಯಾರ ತೋಟದ ಮಾಲು ಎಂದು ಹೆಸರು ಹಿಡಿದು ಬಯ್ಯುವುದು ನಮ್ಮ ಕಡೆ ಮರ್ಯಾದೆಯಲ್ಲ. ಅದು ಕೂರುವುದು ರೇಂಜ್‌ಫೈಂಡರ್ ಕ್ಯಾಮೆರಾದ ಮೇಲೆ. ಲೈಕಾದವರು 1954ರಲ್ಲಿ ಎಂ3 ಕ್ಯಾಮೆರಾದ ಜೊತೆ ತಂದ ಎಂ ಮೌಂಟು, ಅಂದರೆ ಲೆನ್ಸು ಕೂರಿಸುವ ಬಾಯಿ, ಇವತ್ತಿಗೂ ಹಾಗೇ ನಡೆದುಕೊಂಡು ಬಂದಿದೆ. ಅಜ್ಜ ಮಾಡಿಸಿದ ಬಾಗಿಲಿಗೆ ಮೊಮ್ಮಗ ಹೊಸ ಚಿಲಕ ತಂದರೂ ಸರಿಯಾಗಿ ಕೂರುತ್ತದೆ.

ಈ ಜಾತಿಯ ಕ್ಯಾಮೆರಾದಲ್ಲಿ ನೋಡುವುದು ಲೆನ್ಸಿನ ಮೂಲಕವಲ್ಲ, ಮೇಲಿನ ಪುಟ್ಟ ಕಿಟಕಿಯ ಮೂಲಕ. ಅದರ ನಡುವೆ ಒಂದು ಬಿಳಿಚು ಚೌಕ. ಆ ಚೌಕದಲ್ಲಿ ದೊಡ್ಡಪ್ಪ ಇಬ್ಬರಾಗಿ ಕಾಣುತ್ತಾರೆ. ಉಂಗುರ ತಿರುಗಿಸುತ್ತಾ ಹೋದರೆ ಮಸುಕು ದೊಡ್ಡಪ್ಪ ಮೆಲ್ಲಗೆ ಜರುಗಿ ಅಸಲಿ ದೊಡ್ಡಪ್ಪನ ಮೇಲೆ ಬಂದು ಕೂರುತ್ತಾರೆ. ಅಲ್ಲಿಗೆ ಫೋಕಸ್ಸು ಕೂತಿತು ಎಂದು ಲೆಕ್ಕ.

ಲೆನ್ಸು ಚಿಕ್ಕದಿರಬೇಕು ಎಂಬ ಹಟ ಹುಟ್ಟುವುದೂ ಈ ಕಿಟಕಿಯಿಂದಲೇ. ಒಳಗೆ ಕನ್ನಡಿ ಇರುವ ಎಸ್‌ಎಲ್‌ಆರ್ ಕ್ಯಾಮೆರಾದವನು ಲೆನ್ಸಿನೊಳಗಿಂದಲೇ ನೋಡುತ್ತಾನೆ, ಅವನ ಲೆನ್ಸು ಒನಕೆಯಷ್ಟಿದ್ದರೂ ನೋಟಕ್ಕೆ ಅಡ್ಡಿಯಿಲ್ಲ. ನಮ್ಮ ಕಿಟಕಿ ಲೆನ್ಸಿನ ಪಕ್ಕದಲ್ಲಿದೆ. ಲೆನ್ಸು ದಪ್ಪವಾದರೆ ಚೌಕಟ್ಟಿನ ಕೆಳಗಿನ ಮೂಲೆಗೆ ಬಂದು ನಿಲ್ಲುತ್ತದೆ, ಯಕ್ಷಗಾನಕ್ಕೆ ಹೋದಾಗ ಮುಂದೆ ಕೂತವರ ಮುಂಡಾಸಿನ ಹಾಗೆ. ಭಾಗವತರು ಕಾಣುತ್ತಾರೆ, ಚೆಂಡೆ ಕೇಳುತ್ತದೆ, ವೇಷದ ಅರ್ಧ ಕಾಣುವುದಿಲ್ಲ. ನನ್ನದು ಮೂರು ಸೆಂಟಿಮೀಟರಿಗೂ ಕಮ್ಮಿ ಉದ್ದ. ಇಷ್ಟು ಚಿಕ್ಕದು ಮಾಡಲಿಕ್ಕೆ ಸಾಧ್ಯವಾದದ್ದೂ ಕ್ಯಾಮೆರಾದೊಳಗೆ ಕನ್ನಡಿ ಇಲ್ಲದ್ದರಿಂದಲೇ. ಎಸ್‌ಎಲ್‌ಆರ್‌ನಲ್ಲಿ ಕುಣಿಯುವ ಕನ್ನಡಿಗೆ ಜಾಗ ಬಿಟ್ಟು ಲೆನ್ಸು ದೂರ ನಿಲ್ಲಬೇಕು. ನಿಕಾನ್ ಎಫ್ ಮೌಂಟಿನಲ್ಲಿ ಫಿಲಮ್ಮಿನಿಂದ 46.5 ಮಿಲಿಮೀಟರ್ ದೂರ, ಲೈಕಾ ಎಂನಲ್ಲಿ 27.8. ದೂರ ನಿಂತು ಅಗಲ ತೋರಿಸಬೇಕಾದರೆ ಹೆಚ್ಚು ಗಾಜು, ಹೆಚ್ಚು ಸರ್ಕಸ್ಸು. ಹತ್ತಿರ ನಿಂತವನಿಗೆ ಆ ತೊಂದರೆ ಇಲ್ಲ.

ಹಾಗೆಂದು ಎಫ್/1.4 ಬಿಟ್ಟಿ ಬರುವುದಿಲ್ಲ. 35ನ್ನು 1.4ರಿಂದ ಭಾಗಿಸಿದರೆ 25; ಅಂದರೆ ಸುಮಾರು ಒಂದು ಇಂಚಿನ ಕಂಡಿಯಲ್ಲಿ ಬೆಳಕನ್ನು ನುಗ್ಗಿಸಬೇಕು, ಅದೂ ಇಷ್ಟು ಗಿಡ್ಡ ಡಬ್ಬಿಯೊಳಗೆ. ಎಲ್ಲೋ ಒಂದು ಕಡೆ ಸೊಟ್ಟಗಾಗಲೇಬೇಕು. ಎಲ್ಲಿ ಸೊಟ್ಟ ಎಂದು ಹುಡುಕುವುದೇ ನನ್ನ ಈ ವರ್ಷದ ಉದ್ಯೋಗ.

ಲೆನ್ಸು ಪರೀಕ್ಷೆ ಮಾಡುವವರು ಇಟ್ಟಿಗೆ ಗೋಡೆಯ ಫೋಟೋ ತೆಗೆಯುತ್ತಾರೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯದು ಜಂಬಿಟ್ಟಿಗೆ, ಅದಕ್ಕೂ ಸುಣ್ಣ ಬಳಿದಾಗಿದೆ. ಆದರೆ ಮನೆ ಹಿಂದೆ ತೋಟವಿದೆ. ಅಡಿಕೆ ಮರದಷ್ಟು ನೆಟ್ಟಗಿನ ಗೆರೆ ಯಾವ ಚಾರ್ಟಿನಲ್ಲೂ ಇರಲಿಕ್ಕಿಲ್ಲ. ತೆಗೆದೆ. ನಡುವಿನ ಸಾಲು ನೆಟ್ಟಗೆ ಬಂತು. ಅಂಚಿನ ಮರಗಳು ಹೊಟ್ಟೆ ಬಿಟ್ಟುಕೊಂಡು ಹೊರಕ್ಕೆ ಬಾಗಿದ್ದವು. ದೊಡ್ಡಪ್ಪ ಪ್ರಿಂಟು ನೋಡಿ, "ಇದು ಯಾವ ಗಾಳಿಗೆ ಬಗ್ಗಿದ್ದಾ?" ಎಂದರು. ಕಂಡಿಯನ್ನು ಎಷ್ಟು ಕಿರಿದು ಮಾಡಿದರೂ ಹೋಗದ ಬಾಗು ಅದು. ಸೋಗೆಗಳ ಸಂದಿಯಿಂದ ಬಿಸಿಲು ನೇರ ಬಿದ್ದ ಕಡೆ ಚಿತ್ರಕ್ಕೆ ಮಜ್ಜಿಗೆ ಚೆಲ್ಲಿದಂತಿತ್ತು. ಅದು ನನಗೆ ಇಷ್ಟವೇ ಆಯಿತು, ದೋಷವೆಂದು ಬರೆದುಕೊಳ್ಳಲಿಲ್ಲ.

ಇನ್ನೊಂದು ಸ್ವಭಾವ: ಒಂದೂವರೆ ಮೊಳಕ್ಕಿಂತ ಹತ್ತಿರದ್ದನ್ನು ಅದು ನೋಡುವುದಿಲ್ಲ. ಬಾಕ್ಸಿನ ಮೇಲೆ 0.7 ಮೀಟರ್ ಎಂದಿದೆ, ಎರಡೂ ಒಂದೇ. ಮಡಿ ಉಟ್ಟ ಅಜ್ಜಿ ಮಕ್ಕಳನ್ನು ಎಷ್ಟು ದೂರ ನಿಲ್ಲಿಸುತ್ತಿದ್ದರೋ ಸರಿಸುಮಾರು ಅಷ್ಟು. ದಾಸವಾಳದ ಕೇಸರ, ಎಲೆಯ ಮೇಲಿನ ಹನಿ, ಇಂಥವೆಲ್ಲ ಇದಕ್ಕೆ ಮೈಲಿಗೆ. ಸಂತೋಷ. ಮಲೆನಾಡಿನಲ್ಲಿ ಎಲೆಯ ಮೇಲಿನ ಹನಿಯ ಫೋಟೋ ಆಗಲೇ ಬೇಕಾದಷ್ಟಿದೆ.

ನನ್ನನ್ನು ನಿಜವಾಗಿ ಗೋಳು ಹೊಯ್ದುಕೊಂಡದ್ದು ಬೇರೆಯದು. ಜಗುಲಿಯಲ್ಲಿ ಕೂತ ದೊಡ್ಡಪ್ಪನ ಕಣ್ಣಿಗೆ ಫೋಕಸ್ಸು ಹಿಡಿದು ಎಫ್/1.4ರಲ್ಲಿ ತೆಗೆದರೆ ಕಣ್ಣು ಸರಿಯಾಗಿ ಬರುತ್ತಿತ್ತು. ಇನ್ನೂ ಚೂಪಾಗಲಿ ಎಂದು ಎಫ್/2.8ಕ್ಕೆ ಇಳಿಸಿದರೆ ಕಣ್ಣು ಮಂಜು, ಕಿವಿ ಸ್ಪಷ್ಟ. ಮೊದಲು ನನ್ನ ಕೈಯನ್ನು ಬೈದುಕೊಂಡೆ, ಆಮೇಲೆ ಕನ್ನಡಕದ ನಂಬರು ತೋರಿಸಿಕೊಂಡು ಬಂದೆ. ಎರಡು ರೋಲು, ಎಪ್ಪತ್ತೆರಡು ಫೋಟೋ ಹೋದ ಮೇಲೆ ಕಾರಣ ತಿಳಿಯಿತು. ಗಾಜಿನ ನಡುವಿನಿಂದ ಹಾಯುವ ಕಿರಣ ಒಂದು ಕಡೆ ಸೇರುತ್ತದೆ, ಅಂಚಿನಿಂದ ಹಾಯುವುದು ಇನ್ನೊಂದು ಕಡೆ. ಕಂಡಿ ಕಿರಿದು ಮಾಡಿದಾಗ ಅಂಚಿನ ಕಿರಣಗಳು ಮನೆಗೆ ಹೋಗುತ್ತವೆ, ಉಳಿದವು ತಮ್ಮ ಜಾಗದಲ್ಲೇ ಸೇರುತ್ತವೆ, ಫೋಕಸ್ಸು ಎರಡು ಬೆರಳು ಹಿಂದಕ್ಕೆ ಸರಿದುಬಿಡುತ್ತದೆ. ಎಸ್‌ಎಲ್‌ಆರ್ ಆಗಿದ್ದರೆ ಕಂಡಿ ಕಿರಿದು ಮಾಡಿ ನೋಡಿದಾಗ ಕಣ್ಣಿಗೇ ಸುಳಿವು ಸಿಗುತ್ತಿತ್ತು. ನಮ್ಮ ಕಿಟಕಿಗೆ ಲೆನ್ಸಿನ ಒಳಗುಟ್ಟು ಗೊತ್ತಾಗುವುದೇ ಇಲ್ಲ. ಎಫ್/5.6 ದಾಟಿದರೆ ಹೇಗೂ ಹಿಂದುಮುಂದು ಎಲ್ಲ ಸ್ಪಷ್ಟವಾಗಿ ಈ ಕಳ್ಳತನ ಮುಚ್ಚಿಹೋಗುತ್ತದೆ. ಈಗ ಎಫ್/2.8 ಎಂದರೆ ಕಣ್ಣಿಗೆ ಹಿಡಿದು, ತಲೆಯನ್ನು ಎರಡು ಬೆರಳಷ್ಟು ಹಿಂದಕ್ಕೆ ತೆಗೆದು ಒತ್ತುತ್ತೇನೆ.

ಹಾಳಾದ ಆ ಫೋಟೋಗಳಲ್ಲಿ ಒಂದನ್ನು ದೊಡ್ಡಪ್ಪ ಕೇಳಿ ಇಟ್ಟುಕೊಂಡರು. ಮುಖವೆಲ್ಲ ಹೊಗೆ ಹಿಡಿದಂತಿದೆ, ಕಿವಿಯ ಒಂಟಿ ಮಾತ್ರ ಫಳಫಳ. "ಒಂಟಿ ಚಲೋ ಬಂದಿದೆ," ಎಂದರು. ಅವರ ಅಪ್ಪ ಮಾಡಿಸಿಕೊಟ್ಟದ್ದಂತೆ.

ಮಳೆಗಾಲದಲ್ಲಿ ಪರೀಕ್ಷೆಗೆ ರಜೆ ಕೊಟ್ಟಿದ್ದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅದರ ಎರಚಲಿನಲ್ಲೇ ನಮ್ಮ ಊರೂ ಇರುವುದು. ಜುಲೈಯಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ ಬೂಷ್ಟು ಬರುವ ಮನೆಯಲ್ಲಿ ಲೆನ್ಸು ಯಾವ ಲೆಕ್ಕ? ನನ್ನ ಹಿಂದಿನ ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಹಬ್ಬಿತ್ತು. ಅಡಿಕೆಗೆ ಕೊಳೆ ಬಂದರೆ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ಹೊಡೆಯಬಹುದು. ಲೆನ್ಸಿಗೆ ಏನು ಹೊಡೆಯುವುದು? ಈ ಸಲ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ. ಬಚ್ಚಲೊಲೆಯ ಮೇಲಿನ ಅಟ್ಟವೇ ಒಳ್ಳೆಯದೆಂದು ದೊಡ್ಡಮ್ಮ ಹೇಳಿದ್ದರು. ಹಪ್ಪಳಕ್ಕೆ ಒಳ್ಳೆಯದು, ಅದೇನೋ ನಿಜ.

ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಒಯ್ದೆ. ಎಫ್/1.4ರಲ್ಲಿ ತೆಗೆದ ಬಲ್ಬಿನ ಸರಗಳಲ್ಲಿ ನಡುವಿನವು ಬಲ್ಬುಗಳೇ, ಮೂಲೆಯವು ಮಾತ್ರ ರೆಕ್ಕೆ ಬಿಚ್ಚಿದ ಪುಟ್ಟ ಹಕ್ಕಿಗಳು. ಇದಕ್ಕೆ ಕೋಮಾ ಎನ್ನುತ್ತಾರೆ. ಹೆಸರು ಕೇಳಿ ಅತ್ತಿಗೆ ಗಾಬರಿಯಾದರು.

ಅದಕ್ಕೂ ಮುಂಚೆ, ಕೊಯ್ಲು ಶುರುವಾದ ವಾರ, ರಾತ್ರಿ ಅಡಿಕೆ ಸುಲಿಯುವಾಗ ಒಂದು ಫೋಟೋ ತೆಗೆದಿದ್ದೆ. ಅಂಗಳದಲ್ಲಿ ಎರಡು ಸಾಲು ಮೆಟ್ಟುಗತ್ತಿ, ಮೇಲೆ ಒಂದೇ ಬಲ್ಬು. ಬೆಳಕು ಅಳೆಯುವ ಮೀಟರು ಎಫ್/2.8ಕ್ಕೆ ಸೆಕೆಂಡಿನ ಎಂಟನೇ ಒಂದು ಭಾಗ ಕೇಳುತ್ತಿತ್ತು. ಅಷ್ಟು ಹೊತ್ತಿನಲ್ಲಿ ಸುಲಿಯುವ ಕೈ ಒಂದು ಅಡಿಕೆ ಮುಗಿಸುವಂತಿರುತ್ತದೆ. ಎಫ್/1.4ಕ್ಕೆ ತೆರೆದರೆ ನಾಲ್ಕು ಪಾಲು ಬೆಳಕು, ಮೂವತ್ತನೇ ಒಂದಕ್ಕೆ ಕೆಲಸ ಆಯಿತು. ಹಿಂದೆ ಸರಿಯಲು ಜಾಗವಿರಲಿಲ್ಲ, ಬೆನ್ನಿಗೆ ಕೊಟ್ಟಿಗೆ ಗೋಡೆ. 50 ಎಂಎಂ ಇದ್ದಿದ್ದರೆ ನಾಲ್ಕು ಜನ ಹೊರಗೇ ಉಳಿಯುತ್ತಿದ್ದರು. ಇದರ ಚೌಕಟ್ಟಿನಲ್ಲಿ ಎಲ್ಲರೂ ಹಿಡಿದರು. ಯಾರೂ ತಲೆ ಎತ್ತಲಿಲ್ಲ, ಅಷ್ಟು ಚಿಕ್ಕದಕ್ಕೆ ಯಾರು ಎತ್ತುತ್ತಾರೆ?

ಪ್ರಿಂಟು ಬಂದಾಗ ದೊಡ್ಡಪ್ಪ ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ನಡುವೆ ಕೂತ ಅವರ ಕೈ, ಕತ್ತಿಯ ಅಲಗು, ಎಲ್ಲ ಖಡಕ್. ಸುತ್ತ ಹೋದಂತೆ ಮಬ್ಬು, ಮೂಲೆಯಲ್ಲಿ ಕತ್ತಲು. ಕೊನೆಗೆ ದರ ಕೂಗಿದರು: "ನಡುವೆ ಸರಕು. ಮೂಲೇಲಿ ಗೊರಬಲು."

ಮೂಲೆಯಲ್ಲಿ ಕೂತಿದ್ದವರು ದೊಡ್ಡಮ್ಮ. "ಯಾರಿಗೆ ಹೇಳಿದ್ದು ಗೊರಬಲು ಅಂತ?" ಎಂದು ಒಳಗಿಂದಲೇ ಕೇಳಿತು. ದೊಡ್ಡಪ್ಪ ಲೆನ್ಸಿಗೆ ಎಂದರು, ನಾನೂ ಲೆನ್ಸಿಗೇ ಎಂದೆ. ಆ ರಾತ್ರಿ ಮಜ್ಜಿಗೆಗೆ ಉಪ್ಪಿರಲಿಲ್ಲ.

ಜಾತ್ರೆ ಮುಗಿದ ಮೇಲೆ ಕೊನೆಯ ಸುಲಿತದ ದಿನ ಮತ್ತೊಮ್ಮೆ ತೆಗೆಸಿದರು, ಹೌದು, ಅವರೇ ತೆಗೆಸಿದರು. ಅದೇ ಬಲ್ಬು, ಅದೇ ಎಫ್/1.4. ನಟ್ಟನಡುವೆ ದೊಡ್ಡಮ್ಮ, ಮಡಿಕೆ ಬಿಚ್ಚಿದ ಹೊಸ ಸೀರೆಯಲ್ಲಿ ಅಡಿಕೆ ಸುಲಿಯುತ್ತಿದ್ದಾರೆ. ಸೀರೆಯ ಗೀಟು ಗೀಟೂ ಎಣಿಸಬಹುದು. ದೊಡ್ಡಪ್ಪನನ್ನು ಮೂಲೆಗೆ ಕಳಿಸಿದ್ದರು. ಆ ಕತ್ತಲಲ್ಲಿ ಯಾರೋ ಒಬ್ಬರು ಬಗ್ಗಿ ಕೂತಿದ್ದಾರೆ ಅನ್ನುವಷ್ಟು ಗೊತ್ತಾಗುತ್ತದೆ. ಕಿವಿಯ ಹತ್ತಿರ ಒಂಟಿ ಪುಟ್ಟ ಹಕ್ಕಿಯಾಗಿ ರೆಕ್ಕೆ ಬಿಚ್ಚಿದೆ.