ಸ್ವಲ್ಪ ಅಡ್ಜಸ್ಟ್ ಮಾಡಿ, ಟ್ಯಾಬ್ ಮಾತ್ರ ಒತ್ತಬೇಡಿ

ಇಬ್ಬರ ಸೀಟಿನಲ್ಲಿ ಮೂವರು ಕೂರುವ ಊರು ನಮ್ಮ ಬೆಂಗಳೂರು. ಬಿಎಂಟಿಸಿ ಬಸ್ಸಿನಲ್ಲಿ ಪಕ್ಕದವರ ಬ್ಯಾಗ್ ಮೊಣಕಾಲಿಗೆ ಕುಟ್ಟಿದರೂ ಯಾರೂ ತುಟಿ ಬಿಚ್ಚುವುದಿಲ್ಲ. ಅದೇ ಜನ ಮೊಬೈಲ್ ತೆಗೆದು ಪ್ರೋಗ್ರಾಮರ್‌ಗಳ ಗ್ರೂಪಿಗೆ ಹೋದರೆ ಮುಗೀತು. ಕೋಡಿನ ಸಾಲಿನ ಮುಂದೆ ಜಾಗ ಬಿಡೋಕೆ ಯಾರೋ ನಾಲ್ಕು ಸ್ಪೇಸ್ ಬದಲು ಟ್ಯಾಬ್ ಕೀ ಒತ್ತಿಬಿಟ್ಟಿದ್ದಾನೆ! ಇದನ್ನೆಲ್ಲ ಅಡ್ಜಸ್ಟ್ ಮಾಡೋಕಾಗುತ್ತಾ?

ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವವರು ಸ್ಪೇಸ್ ಹಾಕಿ ಅನ್ನುತ್ತಾರೆ. ಗೋ ಭಾಷೆಯಲ್ಲಿ ಕೋಡನ್ನು ಓರಣ ಮಾಡುವ ಫಾರ್ಮ್ಯಾಟರ್ ತಾನೇ ಟ್ಯಾಬ್ ಹಾಕಿಕೊಡುತ್ತದೆ. ಎರಡೂ ಚೆನ್ನಾಗೇ ಓಡುತ್ತಿವೆ. ಇದನ್ನು ಗ್ರೂಪಿನಲ್ಲಿ ಹೇಳಲು ಹೋಗಬೇಡಿ, ಅಷ್ಟೇ.

1980ರಲ್ಲಿ ಜಾನ್ ಪೋಸ್ಟೆಲ್ ಎನ್ನುವವರು ಇಂಟರ್ನೆಟ್‌ನಲ್ಲಿ ಕಂಪ್ಯೂಟರ್‌ಗಳು ಮಾಹಿತಿ ಕಳಿಸಿಕೊಳ್ಳುವ ಪದ್ಧತಿಯಾದ ಟಿಸಿಪಿಯ ನಿಯಮ ಬರೆಯುವಾಗ ಒಂದು ಮಾತು ಸೇರಿಸಿದರು: ನೀವು ಕಳಿಸುವಾಗ ಬಿಗಿಯಾಗಿರಿ, ಬೇರೆಯವರದನ್ನು ತಗೊಳ್ಳುವಾಗ ಧಾರಾಳವಾಗಿರಿ. ಹೇಳಿದ್ದು ಕಂಪ್ಯೂಟರ್‌ಗಳಿಗೆ. ಅವು ಪಾಪ, ಕೇಳಿದವು. ಮನುಷ್ಯರು ಅದನ್ನೇ ಉಲ್ಟಾ ಮಾಡಿಕೊಂಡರು.

ಕಳಿಸುವವರ ಧಾರಾಳ ನೋಡಿ. ಎರರ್ ಮೆಸೇಜನ್ನು ಕಾಪಿ ಮಾಡಿ ಹಾಕಬಹುದು, ಅಲ್ವಾ? ಹಾಕುವುದಿಲ್ಲ. ಲ್ಯಾಪ್‌ಟಾಪ್ ಮುಂದೆ ಫೋನ್ ಹಿಡಿದು ಓರೆಯಾಗಿ ಫೋಟೋ ಹೊಡೆಯುತ್ತಾರೆ. ಟ್ಯೂಬ್‌ಲೈಟ್ ಸ್ಪಷ್ಟವಾಗಿ ಕಾಣುತ್ತದೆ, ಎರರ್ ಕಾಣುವುದಿಲ್ಲ. ಕೆಳಗೆ 'ಅರ್ಜೆಂಟ್ ಸರ್'. ಇನ್ನು ಕೆಲವರು ಬರೀ 'ಹಾಯ್' ಅಂದು ಸಂಜೆವರೆಗೆ ನಾಪತ್ತೆ.

ತಗೊಳ್ಳುವವರ ಬಿಗಿ ಇನ್ನೂ ಜೋರು. ಎಚ್‌ಎಸ್‌ಆರ್ ಲೇಔಟಿನ ಪಿಜಿಯಲ್ಲಿ ಕೂತ ಹುಡುಗಿಯೊಬ್ಬಳು, ಒಂದೇ ಕೆಲಸ ಮತ್ತೆ ಮತ್ತೆ ಮಾಡುವ ತನ್ನ ಕೋಡ್ ತೋರಿಸಿ, 'ಈ ಲೂಪ್ ಯಾಕೆ ನಿಲ್ತಿಲ್ಲ?' ಅಂತ ಕೇಳಿದಳು ಅನ್ನಿ. 'ಇನ್ನೂ ವಿಂಡೋಸ್ ಬಳಸ್ತಿದ್ದೀಯೇನಮ್ಮಾ?' ಅನ್ನುತ್ತಾರೆ ಒಬ್ಬರು. 'ರಸ್ಟ್ ಭಾಷೆಯಲ್ಲಿ ಬರೆದಿದ್ರೆ ಈ ಗೋಳೇ ಇರ್ತಿರಲಿಲ್ಲ' ಅನ್ನುತ್ತಾರೆ ಇನ್ನೊಬ್ಬರು. ರಸ್ಟ್‌ನಲ್ಲೂ ಲೂಪ್ ನಿಲ್ಲದೇ ಓಡುತ್ತದೆ, ಆ ಮಾತು ಬೇರೆ. 'ಇದನ್ನ ಆಗಲೇ ಯಾರೋ ಕೇಳಿದ್ದಾರೆ, ಹುಡುಕಿ' ಅನ್ನುವವರು ಎಲ್ಲಿ ಅಂತ ಮಾತ್ರ ಹೇಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಚರ್ಚೆ ಭಾರತೀಯ ಶಿಕ್ಷಣ ಪದ್ಧತಿಗೆ ಬಂದಿರುತ್ತದೆ. ಲೂಪ್ ಓಡುತ್ತಲೇ ಇರುತ್ತದೆ.

2018ರಲ್ಲಿ, ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರೇ ತಮ್ಮ ಒರಟು ಮೇಲ್‌ಗಳಿಗೆ ಕ್ಷಮೆ ಕೇಳಿ ಸ್ವಲ್ಪ ದಿನ ಬಿಡುವು ತಗೊಂಡರು. ನಮ್ಮ ಗ್ರೂಪಿನ ಹಿರಿಯರು ಅವರಿಂದ ಸದ್ಯಕ್ಕೆ ಒರಟುತನ ಕಲಿತಿದ್ದಾರೆ. ಕ್ಷಮೆ ಕೇಳೋದು, ಕರ್ನಲ್ ಬರೆಯೋದು ಎಲ್ಲ ಆಮೇಲೆ ನೋಡೋಣ ಅಂತ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಈಗ ಅದಕ್ಕೆ ಓರೆ ಫೋಟೋ ಕೊಟ್ಟರೂ ಬೈಯುವುದಿಲ್ಲ. ಪ್ರೋಗ್ರಾಮರ್‌ಗಳು ಪ್ರಶ್ನೆ ಕೇಳುವ ಸ್ಟಾಕ್ ಓವರ್‌ಫ್ಲೋ ಸೈಟಿನಲ್ಲಿ ಹೊಸ ಪ್ರಶ್ನೆಗಳು ಆಮೇಲೆ ಕುಸಿದೇ ಹೋದವು. ಗ್ರೂಪಿನ ಹಿರಿಯರದ್ದು ಈಗ ಹೊಸ ದೂರು: 'ಈ ಕಾಲದ ಹುಡುಗರು ಪ್ರಶ್ನೆನೇ ಕೇಳಲ್ವಲ್ರೀ!'