ಆಫೀಸಿನ ಕ್ರಿಸ್‌ಮಸ್ ಪಾರ್ಟಿಗೆ ಕುದುರೆ ರೇಸ್ ಬೇಕಾ?

ನವೆಂಬರ್ ಬಂತೆಂದರೆ ಬ್ರಿಟನ್ನಿನ ಆಫೀಸುಗಳಲ್ಲಿ ಕ್ರಿಸ್‌ಮಸ್ ಪಾರ್ಟಿಯ ಮಾತು ಶುರುವಾಗುತ್ತದೆ. ಊಟ ಸರಿ, ಆಮೇಲೇನು? ಅಲ್ಲಿ ಕೇಳಿಬರುವ ಒಂದು ಉತ್ತರ ರೇಸ್ ನೈಟ್. ಎಂದೋ ಓಡಿ ಮುಗಿದ ರೇಸಿನ ಫಿಲ್ಮನ್ನು ದೊಡ್ಡ ಪರದೆಗೆ ಹಾಕುತ್ತಾರೆ. ಯಾವ ಕುದುರೆ ಗೆಲ್ಲುತ್ತದೆ ಅಂತ ಜನ ಬಾಜಿ ಕಟ್ಟುತ್ತಾರೆ. ಇದು ಇರಲಿ ಅನ್ನುವವರೂ ಇದ್ದಾರೆ, ಬೇಡವೇ ಬೇಡ ಅನ್ನುವವರೂ ಇದ್ದಾರೆ.

ಪರ: ಯಾರಿಗೂ ಏನೂ ಗೊತ್ತಿರಲ್ಲ, ಅದೇ ಇದರ ಚೆಂದ

ಕ್ವಿಜ್ ಇಟ್ಟರೆ ಅರ್ಧ ಪ್ರಶ್ನೆ ಹಳೇ ಬ್ರಿಟಿಷ್ ಟೀವಿ ಸೀರಿಯಲ್ಲುಗಳ ಬಗ್ಗೆ ಇರುತ್ತವೆ. ಬೆಂಗಳೂರಿನಿಂದ ಹೋದವರು ಸುಮ್ನೆ ತಲೆ ಆಡಿಸುತ್ತಾ ಕೂರಬೇಕು. ಡಿಸ್ಕೊ ಇಟ್ಟರೆ ನಾಲ್ಕು ಜನ ಕುಣಿಯುತ್ತಾರೆ, ಉಳಿದವರು ಕೋಟು ಹುಡುಕುತ್ತಾರೆ. ಕ್ಯಾರಿಯೋಕೆ ಮಾತಂತೂ ಎತ್ತಬೇಡಿ.

ರೇಸ್ ನೈಟ್‌ನಲ್ಲಿ ಎಂ.ಡಿ.ಯೂ ಒಂದೇ, ಮೊನ್ನೆ ಸೇರಿದ ಹುಡುಗಿಯೂ ಒಂದೇ. ಫಿಲ್ಮು ಸೀಲ್ ಆಗಿರುತ್ತದೆ. ಯಾವುದನ್ನು ಹಾಕಬೇಕು ಅಂತ ಕೂತವರಲ್ಲೇ ಒಬ್ಬರು ಆರಿಸುತ್ತಾರೆ. ಕುದುರೆ ಹಿಂದೆ ಎಷ್ಟು ಗೆದ್ದಿದೆ, ಜಾಕಿ ಯಾರು, ಯಾವುದೂ ಗೊತ್ತಿರಲ್ಲ. ಇರೋದು ನಂಬರ್ ಮಾತ್ರ.

ಆ ನಂಬರಿಗೆ ಹೆಸರಿಡುವವರು ನಾವು. ಮಜಾ ಶುರುವಾಗೋದೇ ಇಲ್ಲಿ. ಟೆಸ್ಟಿಂಗ್ ತಂಡದವರು ತಮ್ಮ ಕುದುರೆಗೆ 'ಸರ್ವರ್ ಡೌನ್' ಅಂತ ಹೆಸರಿಟ್ಟು, ರೇಸ್ ಕಾರ್ಡಿನಲ್ಲಿ ಅಪ್ಪ 'ಶುಕ್ರವಾರ ಸಂಜೆ', ಅಮ್ಮ 'ಯಾರೂ ಫೋನ್ ಎತ್ತಲ್ಲ' ಅಂತ ವಂಶಾವಳಿ ಬರೆಯಬಹುದು. ಕನ್ನಡದವರಿದ್ದರೆ ಒಂದಕ್ಕೆ 'ಬಿಸಿಬೇಳೆಬಾತ್' ಅಂತಿಡಿ. ಮೈಕ್ ಹಿಡಿದವರು ಅದನ್ನು ಹೇಳೋಕೆ ಒದ್ದಾಡೋದನ್ನು ನೋಡೋಕಾದರೂ ಬರಬೇಕು.

ದುಡ್ಡಿನ ಲೆಕ್ಕ ಟೋಟ್ ರೀತಿಯದು, ಅಂದರೆ ಕಟ್ಟಿದ ದುಡ್ಡನ್ನೆಲ್ಲ ಒಟ್ಟುಗೂಡಿಸಿ ಗೆದ್ದವರಿಗೆ ಹಂಚೋದು. ಟಿಕೆಟ್‌ಗೆ 1 ಪೌಂಡ್, ಒಂದು ರೇಸಿಗೆ 60 ಟಿಕೆಟ್ ಹೋದವು ಅನ್ನಿ. ಅರ್ಧ ಚಾರಿಟಿಗೆ ಅಂತ ಮೊದಲೇ ಹೇಳಿದ್ದರೆ ಹಂಚೋಕೆ 30 ಪೌಂಡ್ ಉಳಿಯಿತು. ಗೆದ್ದ ಕುದುರೆಯ ಮೇಲೆ 20 ಟಿಕೆಟ್ ಇದ್ದರೆ ತಲಾ ಒಂದೂವರೆ ಪೌಂಡ್. 5 ಟಿಕೆಟ್ ಮಾತ್ರ ಇದ್ದರೆ ತಲಾ 6 ಪೌಂಡ್. ಅದಕ್ಕೇ ಯಾರೂ ಮೂಸಿ ನೋಡದ 7ನೇ ನಂಬರಿಗೆ ಕಟ್ಟಿದವರು ಕೊನೇ ನೂರು ಗಜ ಇರುವಾಗ ಕುರ್ಚಿ ಹತ್ತಿ ಕೂಗೋದು. ವರ್ಷವಿಡೀ 'ಗುಡ್ ಮಾರ್ನಿಂಗ್' ಬಿಟ್ಟು ಬೇರೆ ಮಾತಾಡದ ಅಕೌಂಟ್ಸ್‌ನವರೂ ಕೂಗುತ್ತಾರೆ!

ಕಾನೂನಿನ ಭಯವೂ ಬೇಡ. ಯಾರೂ ಸ್ವಂತಕ್ಕೆ ಲಾಭ ಮಾಡಿಕೊಳ್ಳದೆ ಚಾರಿಟಿಗೆಂದೇ ನಡೆಸಿದರೆ, 2005ರ ಗ್ಯಾಂಬ್ಲಿಂಗ್ ಆಕ್ಟ್ ಕೆಲವು ಷರತ್ತು ಹಾಕಿ ಲೈಸೆನ್ಸ್ ಇಲ್ಲದೆಯೂ ಬಿಡುತ್ತದೆ. ಅದೂ ಬೇಡವಾದರೆ ಆಟದ ನೋಟು ಹಂಚಿ, ಕೊನೆಗೆ ಜಾಸ್ತಿ ನೋಟು ಇರುವವರಿಗೆ ಒಂದು ಚಾಕೊಲೇಟ್ ಡಬ್ಬಿ ಕೊಡಿ. ಯಾರ ಜೇಬಿನಿಂದಲೂ ಕಾಸು ಹೋಗಲ್ಲ. ಇಷ್ಟಕ್ಕೂ ತಕರಾರು ತೆಗೆದರೆ ಪಾರ್ಟಿ ಅಂತ ಮಾಡೋದಾದರೂ ಯಾಕೆ?

ವಿರೋಧ: ಟಿಕೆಟ್ ಬೇಡ ಅನ್ನೋದು ಅಷ್ಟು ಸುಲಭವಾ?

ಒಂದು ಪೌಂಡ್ ಹೋದರೆ ಯಾರ ಮನೆಯೂ ಮುಳುಗಲ್ಲ, ಒಪ್ಪಿದೆ. ಬಹಳ ಜನಕ್ಕೆ ಇದು ಮರುದಿನ ಮರೆಯುವ ತಮಾಷೆ. ನನ್ನ ಚಿಂತೆ ಉಳಿದವರದು.

ಜೂಜಿನ ಚಟಕ್ಕೆ ಬಾಯಿ ವಾಸನೆ ಇಲ್ಲ. ಪಕ್ಕದ ಡೆಸ್ಕಿನವನು ಕಷ್ಟಪಟ್ಟು ಅದನ್ನು ಬಿಟ್ಟಿದ್ದರೂ ನಿಮಗೆ ಗೊತ್ತಾಗಲ್ಲ. ಪಾರ್ಟಿಯಲ್ಲಿ ಬಿಯರ್ ಬೇಡ ಅಂದರೆ ಜ್ಯೂಸ್ ಕೈಗೆ ಬರುತ್ತದೆ, ಮಾತು ಅಲ್ಲಿಗೇ ಮುಗಿಯಿತು. ಎಂಟು ರೇಸ್ ಆದರೂ ಟಿಕೆಟ್ ತಗೊಳ್ಳದೆ ಕೂತವನನ್ನು 'ಒಂದು ಪೌಂಡಿಗೂ ಇಷ್ಟು ಜಿಪುಣತನವಾ' ಅಂತ ಕೇಳೇ ಕೇಳುತ್ತಾರೆ. ಅದೂ ಚಾರಿಟಿಗೆ ಅಂದಮೇಲೆ! ಮ್ಯಾನೇಜರ್ ಎದುರಿಗೆ ಅವನು ಏನಂತ ಹೇಳಬೇಕು? ಮುಸ್ಲಿಂ ಸಹೋದ್ಯೋಗಿಗೆ ಜೂಜು ಹರಾಮ್. ಅಷ್ಟೇಕೆ, ಬ್ರಿಟನ್ನಿನ ಮೆಥಡಿಸ್ಟ್ ಕ್ರೈಸ್ತರೂ ತಲೆಮಾರುಗಳಿಂದ ಜೂಜನ್ನು ವಿರೋಧಿಸಿಕೊಂಡು ಬಂದವರು. ಇದು ಅವರ ಹಬ್ಬದ ಪಾರ್ಟಿ ಅಲ್ವಾ?

ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯ ಕಥೆ ಕೇಳಿ ಬೆಳೆದವರಿಗೆ 'ಕುದುರೆ ಬಾಲಕ್ಕೆ ದುಡ್ಡು ಕಟ್ಟಿದ' ಅನ್ನುವ ಮಾತು ತಮಾಷೆಯಾಗಿ ಕೇಳಿಸಲ್ಲ. ಕುದುರೆಯ ತಳಿ, ತಯಾರಿ, ಜಾಕಿ ಎಲ್ಲ ಅಳೆದು ಕಟ್ಟುವುದರಿಂದ ರೇಸು ಕೌಶಲದ ಆಟ ಅಂತ ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತ್ತು. ಪರದೆ ಮೇಲಿನ ರೇಸಿಗೆ ಆ ಸಮಾಧಾನವೂ ಇಲ್ಲ. ಯಾರಿಗೂ ಏನೂ ಗೊತ್ತಿಲ್ಲ ಅಂತ ಪರ ವಾದಿಸಿದವರೇ ಹೊಗಳಿದ್ದಾರಲ್ಲ, ಅದಕ್ಕೇ ಶುದ್ಧ ಜೂಜು ಅನ್ನೋದು.

ಬ್ರಿಟನ್ ತಾನೇ ಈ ಚಟಕ್ಕೆ ಕಡಿವಾಣ ಹಾಕುತ್ತಾ ಬಂದಿದೆ. ಬೆಟ್ಟಿಂಗ್ ಅಂಗಡಿಗಳ ಮೆಷಿನ್ನಿನಲ್ಲಿ ಒಂದು ಸಲಕ್ಕೆ 100 ಪೌಂಡ್‌ವರೆಗೆ ಕಟ್ಟಬಹುದಿತ್ತು, 2019ರಲ್ಲಿ ಅದನ್ನು 2 ಪೌಂಡಿಗೆ ಇಳಿಸಿದರು. ಹೀಗಿರುವಾಗ ಕಂಪನಿಯೇ ಖರ್ಚು ಹಾಕಿ ಬಾಜಿ ಕಟ್ಟಿಸಬೇಕಾ? ಆಟದ ನೋಟಾದರೂ ಕೈಗೆ ಹತ್ತುವ ರುಚಿ ಅದೇ.

ಕುದುರೆಯ ಮಾತು ಯಾರೂ ಎತ್ತುವುದಿಲ್ಲ. ಬೇಲಿ ಹಾರುವ ರೇಸಿನ ಫಿಲ್ಮಿದ್ದರೆ ಮಧ್ಯೆ ಒಂದು ಮುಗ್ಗರಿಸಿ ಬೀಳಬಹುದು. 3ನೇ ನಂಬರ್ ಬಿತ್ತು ಅಂತ ಎದುರು ಟೇಬಲಿನವರು ಚಪ್ಪಾಳೆ ಹೊಡೆಯುತ್ತಾರೆ. ಅದು ಮತ್ತೆ ಎದ್ದಿತಾ? ಕ್ಯಾಮೆರಾ ಆಗಲೇ ಮುಂದೆ ಹೋಗಿರುತ್ತದೆ. ಬ್ರಿಟನ್ನಿನ ಹೆಸರಾಂತ ಗ್ರ್ಯಾಂಡ್ ನ್ಯಾಷನಲ್‌ನಂಥ ರೇಸಿನಲ್ಲೇ ಅಪಾಯ ಕಡಿಮೆ ಮಾಡೋಕೆ 2024ರಿಂದ ಕುದುರೆಗಳನ್ನು 40ರಿಂದ 34ಕ್ಕೆ ಇಳಿಸಿದ್ದಾರೆ.

ಇನ್ನು ಪಾರ್ಟಿ ನಡೆಯುವ ಹೊತ್ತು ನೋಡಿ. ಡಿಸೆಂಬರ್ 26, ಬಾಕ್ಸಿಂಗ್ ಡೇ ದಿನ ಕೆಂಪ್ಟನ್ ಪಾರ್ಕ್ ರೇಸ್‌ಕೋರ್ಸಿನಲ್ಲಿ ಕಿಂಗ್ ಜಾರ್ಜ್ ಚೇಸ್ ಅನ್ನುವ ದೊಡ್ಡ ರೇಸ್ ನಡೆಯುತ್ತದೆ. ರಜೆ, ಮನೆಯಲ್ಲಿ ಟೀವಿ, ಕೈಯಲ್ಲಿ ಬೆಟ್ಟಿಂಗ್ ಆ್ಯಪ್ ಇರುವ ಫೋನ್. ಆಫೀಸಿನಲ್ಲಿ 6 ಪೌಂಡ್ ಗೆದ್ದು ಬಂದ ಹುಡುಗನಿಗೆ ಆ ದಿನ ಬೇಡ ಅನ್ನುವವರು ಯಾರೂ ಪಕ್ಕದಲ್ಲಿರಲ್ಲ. ಅದರ ಬದಲು ಎಲ್ಲರನ್ನೂ ಒಂದು ಪ್ಯಾಂಟೊಮೈಮ್‌ಗೆ, ಅಂದರೆ ಕ್ರಿಸ್‌ಮಸ್ ಹೊತ್ತಿನ ಹಾಸ್ಯ ನಾಟಕಕ್ಕೆ, ಕರೆದುಕೊಂಡು ಹೋಗಿ. ಕೂಗಾಡೋಕೆ ಅಲ್ಲೂ ಅವಕಾಶ ಇದೆ, ಟಿಕೆಟ್ ದುಡ್ಡು ನಾನೇ ಕೊಟ್ಟು ಬರುತ್ತೇನೆ.